ಆಲ್ಫ್ರೆಡ್ ನೊಬೆಲ್: ಸಿಡಿಯುವ ಎಣ್ಣೆಯೊಡನೆ ಒಂದು ಬದುಕು

ನೊಬೆಲ್ ಬಹುಮಾನದ ಹೆಸರು ಕೇಳದೆ ನಮ್ಮ ಶಾಲೆಯಿಂದ ಯಾರೂ ಹೊರಗೆ ಹೋಗಿರಲಾರರು. ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನಾಚರಣೆಯ ರಸಪ್ರಶ್ನೆಯಲ್ಲಿ ಸರ್ ಸಿ.ವಿ. ರಾಮನ್ ಅವರಿಗೆ ನೊಬೆಲ್ ಬಂದ ವರ್ಷ ಯಾವುದು ಎಂಬ ಪ್ರಶ್ನೆ ತಪ್ಪದೆ ಇರುತ್ತಿತ್ತು. 1930 ಎಂದು ಹಿಂದಿನ ಬೆಂಚಿನವರೂ ಕೂಗಿ ಹೇಳುತ್ತಿದ್ದೆವು. ಆದರೆ ಆ ನೊಬೆಲ್ ಎಂಬ ಮನುಷ್ಯ ಯಾರು, ಅಷ್ಟು ಹಣ ಅವರಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಫೋನು ಮಾಡಿದಾಗ, ನಾನು ಕಂಪ್ಯೂಟರಿನ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ನಾನು ನೊಬೆಲ್ ಅವರನ್ನು ಆರಿಸಿಕೊಂಡೆ. ನಮ್ಮ ಸುತ್ತಲ ಊರುಗಳಲ್ಲಿ ಕಲ್ಲು ಕ್ವಾರಿಗಳಿವೆ. ಬಾವಿ ತೋಡುವಾಗ ಬಂಡೆ ಅಡ್ಡ ಬಂದರೆ ಕುಳಿ ಹೊಡೆದು, ಮದ್ದು ತುಂಬಿ ಸಿಡಿಸುವುದನ್ನು ದೂರದಿಂದ ನೋಡುತ್ತಲೇ ನಾವೆಲ್ಲ ಬೆಳೆದೆವು. ಹಾಗೆಯೇ, ಎದೆನೋವು ಬಂದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಮಾತ್ರೆಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ಹಿರಿಯರೂ ನಮ್ಮಲ್ಲಿದ್ದಾರೆ. ಬಂಡೆ ಒಡೆಯುವ ಮದ್ದು, ಎದೆನೋವಿನ ಮಾತ್ರೆ ಎರಡರ ಹಿಂದೆಯೂ ಇರುವುದು ಒಂದೇ ರಸಾಯನಶಾಸ್ತ್ರ. ಸಾರಜನಕ ಸೇರಿದ ಕೆಲವು ಸಾವಯವ ವಸ್ತುಗಳ ಅಣುಗಳು ಗಟ್ಟಿಯಾಗಿ ನಿಲ್ಲುವುದಿಲ್ಲ, ಒಡೆಯಲು ಕಾದಿರುತ್ತವೆ. ಅವು ಯಾವಾಗ ಒಡೆಯಬೇಕು, ಎಷ್ಟು ಬೇಗ ಒಡೆಯಬೇಕು ಎಂಬುದನ್ನು ಮನುಷ್ಯನ ಹಿಡಿತಕ್ಕೆ ತರಲು ಹೆಣಗಿದ್ದೇ ನೊಬೆಲ್ ಅವರ ಬದುಕು. ಆ ಹೆಣಗಾಟದಲ್ಲಿ ಅವರು ಕಳೆದುಕೊಂಡದ್ದೂ ಬಹಳ.

ಆಲ್ಫ್ರೆಡ್ ನೊಬೆಲ್ ಹುಟ್ಟಿದ್ದು 1833ರ ಅಕ್ಟೋಬರ್ 21ರಂದು, ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ. ತಂದೆ ಇಮ್ಯಾನುಯೆಲ್ ನೊಬೆಲ್ ಕಟ್ಟಡ ಕಟ್ಟಿಸುವವರು, ಜೊತೆಗೆ ಏನಾದರೊಂದು ಹೊಸ ಯಂತ್ರ ಕಂಡುಹಿಡಿಯುವ ಹುಚ್ಚಿನವರು. ಮಗ ಹುಟ್ಟಿದ ವರ್ಷವೇ ಅವರು ದಿವಾಳಿಯಾದರು. ಸಾಲಗಾರರ ಕಾಟ ತಾಳದೆ 1837ರಲ್ಲಿ ಊರು ಬಿಟ್ಟು ಮೊದಲು ಫಿನ್‌ಲೆಂಡಿಗೆ, ಅಲ್ಲಿಂದ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು. ತಾಯಿ ಆಂಡ್ರಿಯೆಟ್ ಸ್ಟಾಕ್‌ಹೋಮಿನಲ್ಲೇ ಉಳಿದು, ಚಿಕ್ಕದೊಂದು ಅಂಗಡಿ ನಡೆಸಿ ಮಕ್ಕಳನ್ನು ಸಾಕಿದರು. ಆಲ್ಫ್ರೆಡ್ ಸದಾ ಕಾಯಿಲೆಯ ಮಗು. ಅವರ ಕೊನೆಯವರೆಗೂ ತಾಯಿಯ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ.

ರಷ್ಯಾದಲ್ಲಿ ತಂದೆಗೆ ಅದೃಷ್ಟ ಒಲಿಯಿತು. ಸಮುದ್ರದಲ್ಲಿ ಶತ್ರುಗಳ ಹಡಗನ್ನು ತಡೆಯುವ ಸಿಡಿಗುಂಡುಗಳನ್ನು ರಷ್ಯಾದ ಸೈನ್ಯಕ್ಕೆ ಮಾಡಿಕೊಟ್ಟು ಹಣ ಗಳಿಸಿದರು. 1842ರಲ್ಲಿ ಸಂಸಾರ ಅಲ್ಲಿಗೆ ಹೋಗಿ ಸೇರಿತು. ಮಕ್ಕಳಿಗೆ ಮನೆಯಲ್ಲೇ ಮೇಷ್ಟ್ರುಗಳು. ಹದಿನೇಳು ತುಂಬುವ ಹೊತ್ತಿಗೆ ಆಲ್ಫ್ರೆಡ್ ಸ್ವೀಡಿಷ್, ರಷ್ಯನ್, ಫ್ರೆಂಚ್, ಇಂಗ್ಲಿಷ್, ಜರ್ಮನ್ ಐದೂ ಭಾಷೆಗಳಲ್ಲಿ ಬರೆಯಬಲ್ಲವರಾಗಿದ್ದರು. ರಸಾಯನಶಾಸ್ತ್ರ ಹೇಳಿಕೊಟ್ಟವರು ನಿಕೊಲಾಯ್ ಜಿನಿನ್ ಎಂಬ ದೊಡ್ಡ ವಿದ್ವಾಂಸರು. ಹುಡುಗನಿಗೆ ಕವಿತೆ ಬರೆಯುವ ಆಸೆ ಹೆಚ್ಚು, ತಂದೆಗೆ ಅದು ಇಷ್ಟವಿಲ್ಲ. ನಮ್ಮ ಮನೆಗಳಲ್ಲಿ ಕಾಣುವ ಕಥೆಯೇ ಇದು. ಮಗನನ್ನು ಎಂಜಿನಿಯರ್ ಮಾಡಲೆಂದು ತಂದೆ ಯುರೋಪು, ಅಮೆರಿಕ ಸುತ್ತಿ ಬರಲು ಕಳಿಸಿದರು. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಪೆಲೂಜ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದರು.

ಅದೇ ಪೆಲೂಜ್ ಅವರ ಹಳೆಯ ಶಿಷ್ಯ ಇಟಲಿಯ ಅಸ್ಕಾನಿಯೊ ಸೊಬ್ರೆರೊ. ಸಾಬೂನು ಮಾಡುವಾಗ ಸಿಗುವ ಗ್ಲಿಸರಿನ್ ನಮಗೆ ಗೊತ್ತಿರುವ ವಸ್ತು, ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚುತ್ತೇವೆ. ಅದು ನೈಟ್ರಿಕ್ ಆಮ್ಲದೊಡನೆ ವರ್ತಿಸಿದರೆ ನೈಟ್ರೊಗ್ಲಿಸರಿನ್ ಎಂಬ ಎಣ್ಣೆಯಂಥ ದ್ರವ ಸಿಗುತ್ತದೆ ಎಂದು ಸೊಬ್ರೆರೊ ಟ್ಯೂರಿನ್ ನಗರದಲ್ಲಿ 1847ರಲ್ಲಿ ತೋರಿಸಿದರು. ಒಂದು ಸ್ಫೋಟದಲ್ಲಿ ಅವರ ಮುಖಕ್ಕೇ ಗಾಯವಾಯಿತು. ಚೂರು ನಾಲಿಗೆಗೆ ತಾಗಿಸಿಕೊಂಡು ನೋಡಿದರೆ ತಲೆ ಸಿಡಿಯುವಷ್ಟು ನೋವು ಬಂತು. ಇದು ಮನುಷ್ಯರು ಮುಟ್ಟಬಾರದ ವಸ್ತು ಎಂದು ಅವರು ನಿರ್ಧರಿಸಿ ದೂರವಿಟ್ಟರು. ಆ ತಲೆನೋವಿನ ವಿಷಯ ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ಎಣ್ಣೆ ಯಾಕೆ ಸಿಡಿಯುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಎಸ್ಸೆಸ್ಸೆಲ್ಸಿ ವಿಜ್ಞಾನ ಮರೆತವರಿಗೂ ತಿಳಿಯಲಿ ಎಂದು.

ಸೌದೆ ಉರಿಯಬೇಕಾದರೆ ಎರಡು ಬೇಕು. ಒಂದು, ಸುಡುವ ವಸ್ತು, ಅಂದರೆ ಇಂಗಾಲ ಮತ್ತು ಜಲಜನಕ. ಇನ್ನೊಂದು, ಗಾಳಿಯಲ್ಲಿರುವ ಆಮ್ಲಜನಕ. ಗಾಳಿ ಒಲೆಯೊಳಗೆ ಹೋದಷ್ಟೇ ಬೆಂಕಿ, ಅದಕ್ಕೇ ಅಜ್ಜಿ ಊದುಗೊಳವೆ ಹಿಡಿದು ಕೂರುತ್ತಿದ್ದದ್ದು. ಹಳೆಯ ಕಾಲದ ಕರಿಮದ್ದಿನಲ್ಲಿ ಇದ್ದಿಲು, ಗಂಧಕ, ಪೆಟ್ಲುಪ್ಪು ಬೆರೆಸಿರುತ್ತಾರೆ. ಆಮ್ಲಜನಕ ಪೆಟ್ಲುಪ್ಪಿನಲ್ಲೇ ಇರುವುದರಿಂದ ಅದು ಗಾಳಿಗೆ ಕಾಯುವುದಿಲ್ಲ. ಆದರೂ ಎಷ್ಟೇ ನುಣ್ಣಗೆ ಅರೆದರೂ ಇದ್ದಿಲಿನ ಕಣ ಬೇರೆ, ಉಪ್ಪಿನ ಕಣ ಬೇರೆ. ಉರಿ ಒಂದು ಕಣದಿಂದ ಇನ್ನೊಂದಕ್ಕೆ ಹೋಗಬೇಕು. ನೈಟ್ರೊಗ್ಲಿಸರಿನ್‌ನಲ್ಲಿ ಆ ದೂರವೂ ಇಲ್ಲ. ಸುಡುವ ಇಂಗಾಲ, ಜಲಜನಕ, ಸುಡಿಸುವ ಆಮ್ಲಜನಕ ಎಲ್ಲವೂ ಒಂದೇ ಅಣುವಿನಲ್ಲಿವೆ. ಅವುಗಳ ನಡುವೆ ಬೇಲಿಯಂತೆ ನಿಂತಿರುವುದು ಸಾರಜನಕ.

ಆ ಬೇಲಿ ಗಟ್ಟಿಯಲ್ಲ. ಆಮ್ಲಜನಕಕ್ಕೂ ಸಾರಜನಕಕ್ಕೂ ನಡುವಿನ ಒಂದು ಬಂಧ ಬಹಳ ಸಡಿಲ, ಸ್ವಲ್ಪ ಬಿಸಿ ಅಥವಾ ಪೆಟ್ಟು ಸಾಕು, ಅದು ಬಿಟ್ಟುಹೋಗುತ್ತದೆ. ಒಂದು ಅಣುವಿನಲ್ಲಿ ಅಂಥ ಸಡಿಲ ಬಂಧಗಳು ಮೂರಿವೆ. ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಬಂಧ ಮುರಿಯಲು ಶಕ್ತಿ ಕೊಡಬೇಕು, ಹೊಸ ಬಂಧ ಕೂಡಿದಾಗ ಶಕ್ತಿ ಬರುತ್ತದೆ. ಇಲ್ಲಿ ಮುರಿಯಲು ಬೇಕಾದದ್ದು ಅಲ್ಪ, ಆಮೇಲೆ ಕೂಡಿಕೊಳ್ಳುವ ಬಂಧಗಳೋ ಅತಿ ಗಟ್ಟಿ. ಇಂಗಾಲ ಆಮ್ಲಜನಕವನ್ನು ಹಿಡಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜಲಜನಕ ನೀರಾವಿಯಾಗುತ್ತದೆ, ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ತಬ್ಬಿಕೊಂಡು ಗಾಳಿಯಲ್ಲಿರುವ ಸಾರಜನಕವಾಗುತ್ತವೆ. ಲೆಕ್ಕ ಹಾಕಿದರೆ, 4 ಅಣು ನೈಟ್ರೊಗ್ಲಿಸರಿನ್ ಒಡೆದರೆ 29 ಅಣು ಅನಿಲ: ಇಂಗಾಲದ ಡೈಆಕ್ಸೈಡ್ 12, ನೀರಾವಿ 10, ಸಾರಜನಕ 6, ಉಳಿದ ಆಮ್ಲಜನಕ 1. ಒಂದು ಲೀಟರ್ ಎಣ್ಣೆಯಿಂದ ಸಾಧಾರಣ ಒತ್ತಡದಲ್ಲಿ ಸುಮಾರು 1,200 ಲೀಟರ್ ಅನಿಲ. ಅದರ ಮೇಲೆ ಸಾವಿರಾರು ಡಿಗ್ರಿಯ ಬಿಸಿಯಿಂದ ಅದು ಇನ್ನೂ ಹಲವು ಪಟ್ಟು ಹಿಗ್ಗುತ್ತದೆ. ಬಂಡೆಯ ಕುಳಿಯಲ್ಲಿ ಅದಕ್ಕೆ ಹಿಗ್ಗಲು ಜಾಗವಿಲ್ಲ. ಬಂಡೆ ಸೀಳುತ್ತದೆ.

ಇನ್ನು ವೇಗ. ಕರಿಮದ್ದು ಉರಿಯುತ್ತದೆ, ನೈಟ್ರೊಗ್ಲಿಸರಿನ್ ಸರಿಯಾಗಿ ಸಿಡಿದಾಗ ಉರಿಯುವುದಲ್ಲ. ಒಂದು ಒತ್ತಡದ ಅಲೆ ಅದರೊಳಗೆ ಸೆಕೆಂಡಿಗೆ 7 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾಯುತ್ತದೆ, ಹಾದುಹೋದಲ್ಲೆಲ್ಲ ಅಣುಗಳು ಒಡೆಯುತ್ತವೆ, ಆ ಒಡೆತವೇ ಅಲೆಯನ್ನು ಮುಂದಕ್ಕೆ ದೂಡುತ್ತದೆ. ನಮ್ಮೂರಿಂದ ತಾಲ್ಲೂಕು ಕಚೇರಿಗೆ ಬಸ್ಸು ಅರ್ಧ ಗಂಟೆ ಹಿಡಿಯುವ ದೂರವನ್ನು ಅದು ಎರಡು ಮೂರು ಸೆಕೆಂಡಿನಲ್ಲಿ ಮುಗಿಸುತ್ತದೆ.

ಕ್ರಿಮಿಯಾ ಯುದ್ಧದ ದಿನಗಳಲ್ಲಿ ಪ್ರೊಫೆಸರ್ ಜಿನಿನ್ ಈ ಎಣ್ಣೆಯನ್ನು ನೊಬೆಲ್ ತಂದೆ ಮಕ್ಕಳಿಗೆ ತೋರಿಸಿದರು. ಅಡಿಗಲ್ಲಿನ ಮೇಲೆ ಸ್ವಲ್ಪ ಸುರಿದು ಸುತ್ತಿಗೆಯಿಂದ ಹೊಡೆದರು. ಸುತ್ತಿಗೆ ತಾಗಿದ ಜಾಗ ಮಾತ್ರ ಸಿಡಿಯಿತು, ಉಳಿದದ್ದು ಹಾಗೆಯೇ ಇತ್ತು. ಆಲ್ಫ್ರೆಡ್ ಅವರ ತಲೆಯಲ್ಲಿ ಈ ದೃಶ್ಯ ಕೂತುಬಿಟ್ಟಿತು. ಒಂದೇ ವಸ್ತು, ಬೇಡವೆಂದಾಗ ಸಿಡಿಯುತ್ತದೆ, ಬೇಕೆಂದಾಗ ಪೂರ್ತಿ ಸಿಡಿಯುವುದಿಲ್ಲ. ಇದನ್ನು ತಿರುಗಿಸುವುದು ಹೇಗೆ?

ಯುದ್ಧ ಮುಗಿಯಿತು, ರಷ್ಯಾದ ಆರ್ಡರುಗಳು ನಿಂತವು, ತಂದೆ ಎರಡನೇ ಸಲ ದಿವಾಳಿಯಾಗಿ 1859ರಲ್ಲಿ ಹೆಂಡತಿ, ಕಿರಿಯ ಮಗ ಎಮಿಲ್ ಜೊತೆ ಸ್ಟಾಕ್‌ಹೋಮಿಗೆ ಮರಳಿದರು. 1863ರಲ್ಲಿ ಆಲ್ಫ್ರೆಡ್ ಕೂಡ ಬಂದರು. ಅದೇ ವರ್ಷ ಅವರಿಗೆ ಉತ್ತರದ ಮೊದಲ ತುಣುಕು ಸಿಕ್ಕಿತು. ದೊಡ್ಡ ಸ್ಫೋಟವನ್ನು ಒಂದು ಸಣ್ಣ ಸ್ಫೋಟದಿಂದ ಎಬ್ಬಿಸಬೇಕು. ಮೊದಲು ಸ್ವಲ್ಪ ಕರಿಮದ್ದು, ಎರಡು ವರ್ಷದ ಮೇಲೆ ಪಾದರಸದ ಫಲ್ಮಿನೇಟ್ ತುಂಬಿದ ಪುಟ್ಟ ಲೋಹದ ಟೊಪ್ಪಿಗೆ. ಫಲ್ಮಿನೇಟ್ ಕೂಡ ಸಾರಜನಕ ಸೇರಿದ, ನಂಬಲಾಗದ ವಸ್ತುವೇ. ಚಿಟಿಕೆಯಷ್ಟು ಸಿಡಿದು ಕೊಡುವ ಏಟಿಗೆ ಎಣ್ಣೆ ಪೂರ್ತಿ ಒಡೆಯುತ್ತದೆ. ನಮ್ಮ ಕ್ವಾರಿಯವರು ಕೇಪು ಎನ್ನುವುದು ಇದನ್ನೇ. ಡೈನಮೈಟ್‌ಗಿಂತ ಈ ಕೇಪೇ ನೊಬೆಲ್ ಅವರ ದೊಡ್ಡ ಶೋಧನೆ ಎಂದು ನನಗನಿಸುತ್ತದೆ. ಕೇಪು ಇಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ.

ಸ್ಟಾಕ್‌ಹೋಮಿನ ಹೆಲೆನೆಬೋರ್ಗ್ ಎಂಬಲ್ಲಿ ಮನೆಯ ಹತ್ತಿರದ ಕೊಟ್ಟಿಗೆಯಲ್ಲೇ ಎಣ್ಣೆ ತಯಾರಿಸುತ್ತಿದ್ದರು. 1864ರ ಸೆಪ್ಟೆಂಬರ್ 3ರ ಶನಿವಾರ ಅದು ಸಿಡಿದು ಕೊಟ್ಟಿಗೆ ಹೇಳಹೆಸರಿಲ್ಲದಂತಾಯಿತು. ಸತ್ತವರಲ್ಲಿ ಎಮಿಲ್ ಒಬ್ಬ. ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ, ವಿಶ್ವವಿದ್ಯಾಲಯದ ಓದಿನ ಹೊಸ್ತಿಲಲ್ಲಿದ್ದ ಹುಡುಗ. ಜೊತೆಗೆ ಕೆಲಸ ಮಾಡುತ್ತಿದ್ದ ಯುವ ರಸಾಯನಶಾಸ್ತ್ರಜ್ಞನೂ, ಇನ್ನೂ ಕೆಲವರೂ ಸತ್ತರು. ಎಮಿಲ್ ಏನೋ ಹೊಸ ವಿಧಾನ ಪ್ರಯತ್ನಿಸುತ್ತಿದ್ದ, ಉಷ್ಣತೆ ಏರಿದ್ದನ್ನು ಗಮನಿಸಿರಲಿಲ್ಲ ಎಂಬುದು ತಂದೆಯ ನಂಬಿಕೆ. ಕೆಲವೇ ತಿಂಗಳಲ್ಲಿ ತಂದೆಗೆ ಲಕ್ವ ಹೊಡೆಯಿತು. ಮತ್ತೆ ಮೊದಲಿನಂತಾಗಲೇ ಇಲ್ಲ. ಎಂಟು ವರ್ಷದ ನಂತರ, 1872ರಲ್ಲಿ, ಅದೇ ಸೆಪ್ಟೆಂಬರ್ 3ರಂದು ತೀರಿಕೊಂಡರು.

ಉಷ್ಣತೆಯ ಈ ಮಾತಿನಲ್ಲಿ ಒಂದು ಪಾಠವಿದೆ. ಹಸಿ ಹುಲ್ಲನ್ನು ಒಟ್ಟಿ ಬಣವೆ ಹಾಕಿದರೆ ಒಳಗೊಳಗೇ ಕಾವು ಹುಟ್ಟಿ, ಕೊನೆಗೆ ಹೊಗೆಯಾಡಿ ಹೊತ್ತಿಕೊಳ್ಳುವುದು ರೈತರಿಗೆ ಗೊತ್ತು. ಸಣ್ಣ ರಾಶಿಯಾದರೆ ಕಾವು ಹೊರಗೆ ಹೋಗುತ್ತದೆ, ದೊಡ್ಡದಾದರೆ ಒಳಗೇ ಉಳಿಯುತ್ತದೆ. ನೈಟ್ರೊಗ್ಲಿಸರಿನ್ ಹಾಗೆಯೇ. ಅದು ತನ್ನಷ್ಟಕ್ಕೆ ಬಹಳ ನಿಧಾನವಾಗಿ ಒಡೆಯುತ್ತಲೇ ಇರುತ್ತದೆ, ತಣ್ಣಗಿದ್ದರೆ ತಿಳಿಯುವುದೂ ಇಲ್ಲ. ಬಿಸಿ ಏರಿದಂತೆ ಒಡೆತ ಜೋರಾಗುತ್ತದೆ, ಒಡೆತ ಇನ್ನಷ್ಟು ಬಿಸಿ ಕೊಡುತ್ತದೆ. ಜೊತೆಗೆ ಇನ್ನೊಂದು ಕೇಡು. ಒಡೆದಾಗ ಹುಟ್ಟುವ ಸಾರಜನಕದ ಕೆಂಗಂದು ಅನಿಲ ಮತ್ತು ಆಮ್ಲ ಪಕ್ಕದ ಅಣುಗಳನ್ನೂ ಒಡೆಯುತ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ: ಒಂದು ಚಮಚ ಮೊಸರು ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತದೆ. ತಯಾರಿಸುವಾಗ ಉಳಿದ ಆಮ್ಲವನ್ನು ತೊಳೆದು ತೆಗೆಯದಿದ್ದರೆ ಹೆಪ್ಪು ಎಣ್ಣೆಯಲ್ಲೇ ಉಳಿದಂತೆ. ಇಂದು ಚೆನ್ನಾಗಿದ್ದ ಡಬ್ಬ ಮೂರು ತಿಂಗಳ ಮೇಲೆ, ಯಾವುದೋ ಹಡಗಿನಲ್ಲಿ, ಯಾರೂ ಮುಟ್ಟದೆಯೇ ಸಿಡಿಯಬಹುದು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಪರೀಕ್ಷೆಯ ದಿನ ಸರಿಯಾಗಿದ್ದು ಆರು ತಿಂಗಳ ಮೇಲೆ ನಡುರಾತ್ರಿ ಕೈಕೊಡುವ ದೋಷಗಳಿವೆ. ಆದರೆ ಅಲ್ಲಿ ಹೋಗುವುದು ನಿದ್ದೆ ಮಾತ್ರ.

ಆ ಕಾಲದ ಬೇರೆ ಅನಾಹುತಗಳಿಗೂ ಇದೇ ಕಾರಣ. 1846ರಲ್ಲಿ ಶೋನ್‌ಬೈನ್ ಎಂಬುವರು ಹತ್ತಿಯಿಂದ ಮಾಡುವ ಸಿಡಿಹತ್ತಿಯನ್ನು ಪ್ರಕಟಿಸಿದರು. ಮರುವರ್ಷವೇ ಇಂಗ್ಲೆಂಡಿನ ಫೇವರ್‌ಶಾಮ್‌ನ ಕಾರ್ಖಾನೆ ಸಿಡಿದು ಅನೇಕರು ಸತ್ತರು. ಹತ್ತಿಯ ಎಳೆಯ ಒಳಗೆ ಅಡಗಿದ ಆಮ್ಲವೇ ಕಳ್ಳ ಎಂದು ತೋರಿಸಿ, ಅದನ್ನು ನುಣ್ಣಗೆ ಅರೆದು ಮತ್ತೆ ಮತ್ತೆ ತೊಳೆಯುವ ಕ್ರಮ ತಂದವರು ಫ್ರೆಡೆರಿಕ್ ಏಬಲ್. ಒಡೆತ ಶುರುವಾಗಿದೆಯೇ ಎಂದು ಬಣ್ಣ ತಿರುಗುವ ಕಾಗದದಿಂದ ನೋಡುವ ಪರೀಕ್ಷೆಯನ್ನೂ ಅವರು ಕೊಟ್ಟರು. ಮುಂದೆ ಈ ಬಗೆಯ ಮದ್ದುಗಳಿಗೆ ಡೈಫಿನೈಲ್ ಅಮೈನ್‌ನಂಥ ವಸ್ತುವನ್ನು ಸ್ವಲ್ಪ ಬೆರೆಸುವ ರೂಢಿ ಬಂತು. ಹುಟ್ಟಿದ ಕೆಂಗಂದು ಅನಿಲವನ್ನು ಅದು ಅಲ್ಲಲ್ಲೇ ಹಿಡಿದುಕೊಳ್ಳುತ್ತದೆ, ಹೆಪ್ಪು ಹರಡುವುದಿಲ್ಲ.

ತಮ್ಮನ ಸಾವಿನ ನಂತರ ಬೇರೆ ಯಾರಾದರೂ ನಿಲ್ಲಿಸುತ್ತಿದ್ದರೇನೋ. ಆಲ್ಫ್ರೆಡ್ ನಿಲ್ಲಿಸಲಿಲ್ಲ. ಅದು ಧೈರ್ಯವೋ ಮೊಂಡುತನವೋ ನನಗೆ ಇಂದಿಗೂ ತೀರ್ಮಾನಿಸಲು ಆಗಿಲ್ಲ. ಊರೊಳಗೆ ಈ ಕೆಲಸ ಕೂಡದೆಂದು ನಗರದವರು ತಡೆದಾಗ ಮೇಲಾರೆನ್ ಸರೋವರದಲ್ಲಿ ಒಂದು ದೋಣಿಯ ಮೇಲೆ ಕೆಲಸ ಮುಂದುವರಿಸಿದರು. ಸ್ಫೋಟವಾದ ಕೆಲವೇ ವಾರಗಳಲ್ಲಿ ಸ್ಟಾಕ್‌ಹೋಮಿನ ರೈಲು ಸುರಂಗಕ್ಕೆ ಇದೇ ಎಣ್ಣೆಯನ್ನು ಬಳಸಲು ಸ್ವೀಡನ್ನಿನ ರೈಲ್ವೆಯವರು ಒಪ್ಪಿದರು. ಆ ವರ್ಷವೇ ಕಂಪನಿ ಹುಟ್ಟಿತು. ಮರುವರ್ಷ ಜರ್ಮನಿಗೆ ಹೋಗಿ ಹ್ಯಾಂಬರ್ಗಿನ ಹತ್ತಿರ ಕ್ರೂಮೆಲ್ ಎಂಬಲ್ಲಿ ಕಾರ್ಖಾನೆ ಶುರುಮಾಡಿದರು. ಅಲ್ಲಿಂದ ಎಣ್ಣೆ ಡಬ್ಬಗಳಲ್ಲಿ ಲೋಕಕ್ಕೆಲ್ಲ ಹೊರಟಿತು.

1866 ಕೆಟ್ಟ ವರ್ಷ. ಏಪ್ರಿಲ್ ತಿಂಗಳಲ್ಲಿ ಪನಾಮಾದ ಬಂದರಿನಲ್ಲಿ ಈ ಎಣ್ಣೆ ಹೊತ್ತ ಹಡಗೊಂದು ಸಿಡಿದು ಹತ್ತಾರು ಜನ ಸತ್ತರು. ಅದೇ ತಿಂಗಳು ಸ್ಯಾನ್‌ಫ್ರಾನ್ಸಿಸ್ಕೊದ ಒಂದು ಸಾಗಣೆ ಕಚೇರಿಯಲ್ಲಿ ಸೋರುತ್ತಿದ್ದ ಪೆಟ್ಟಿಗೆಯಿಂದ ಸ್ಫೋಟವಾಗಿ 15 ಮಂದಿ ಹೋದರು. ಕ್ರೂಮೆಲ್ ಕಾರ್ಖಾನೆಯೂ ಆ ವರ್ಷ ಸಿಡಿಯಿತು. ಒಂದೊಂದೇ ದೇಶ ಇದನ್ನು ನಿಷೇಧಿಸತೊಡಗಿತು.

ನೊಬೆಲ್ ಎಲ್ಬ್ ನದಿಯ ಮೇಲೆ ದೋಣಿ ಕಟ್ಟಿಕೊಂಡು ಎರಡನೇ ಪ್ರಶ್ನೆಗೆ ಕೂತರು. ಕೇಪು ಹೊಡೆದಾಗ ಸಿಡಿಯಬೇಕು, ಕೈತಪ್ಪಿ ಬಿದ್ದಾಗ ಸಿಡಿಯಬಾರದು. ದ್ರವದ ತೊಂದರೆ ಎಂದರೆ ಅದು ಸೋರುತ್ತದೆ, ಅಲುಗಿದಾಗ ಅದರೊಳಗೆ ಗಾಳಿಗುಳ್ಳೆ ಹುಟ್ಟುತ್ತವೆ. ಏಟು ಬಿದ್ದಾಗ ಗುಳ್ಳೆ ಥಟ್ಟನೆ ಕುಗ್ಗಿ ಕಾಯುತ್ತದೆ. ಸೈಕಲ್ ಪಂಪು ಒತ್ತಿದಾಗ ಬುಡ ಬಿಸಿಯಾಗುವುದಿಲ್ಲವೇ, ಹಾಗೆ. ಆ ಬಿಸಿ ಚುಕ್ಕೆಯೇ ಕಿಡಿ. ಆದ್ದರಿಂದ ಎಣ್ಣೆಯನ್ನು ಯಾವುದಾದರೂ ಪುಡಿಗೆ ಹೀರಿಸಬೇಕು. ಇದ್ದಿಲ ಪುಡಿ, ಮರದ ಹೊಟ್ಟು, ಇಟ್ಟಿಗೆ ಪುಡಿ ಎಲ್ಲ ನೋಡಿದರು. ಕೊನೆಗೆ ಒಲಿದದ್ದು ಆ ನದಿ ಬಯಲಿನಲ್ಲೇ ಸಿಗುವ ಕೀಸೆಲ್‌ಗೂರ್ ಎಂಬ ಹಗುರ ಮಣ್ಣು. ಕಣ್ಣಿಗೆ ಕಾಣದ ಡಯಾಟಮ್ ಪಾಚಿಗಳ ಚಿಪ್ಪುಗಳು ಸೇರಿ ಆದ ಮಣ್ಣು ಅದು, ತುಂಬ ತೂತು. ತನ್ನ ತೂಕದ ಹಲವು ಪಟ್ಟು ಎಣ್ಣೆ ಕುಡಿದರೂ ಕಣಕದ ಹಾಗೆ ನಾದಬಹುದು, ಕಡ್ಡಿ ಮಾಡಿ ಕಾಗದ ಸುತ್ತಬಹುದು. ಡಬ್ಬದಿಂದ ಸೋರಿದ ಎಣ್ಣೆ ಅಕಸ್ಮಾತ್ತಾಗಿ ಈ ಮಣ್ಣಿಗೆ ಹೀರಿದ್ದನ್ನು ಕಂಡು ಹೊಳೆಯಿತು ಎಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ನೊಬೆಲ್ ಅದನ್ನು ಒಪ್ಪುತ್ತಿರಲಿಲ್ಲ, ಹುಡುಕಿ ಹುಡುಕಿ ಕಂಡದ್ದು ಎಂದೇ ಹೇಳುತ್ತಿದ್ದರು. 1867ರಲ್ಲಿ ಪೇಟೆಂಟ್ ಸಿಕ್ಕಿತು. ಗ್ರೀಕ್ ಭಾಷೆಯಲ್ಲಿ ಶಕ್ತಿ ಎಂಬರ್ಥದ ಪದದಿಂದ ಡೈನಮೈಟ್ ಎಂದು ಹೆಸರಿಟ್ಟರು.

ಅದೂ ಪೂರ್ತಿ ಸಾಧುವಲ್ಲ. ಒದ್ದೆಯಾದರೆ ನೀರು ಒಳಗೆ ಹೋಗಿ ಎಣ್ಣೆ ಹೊರಗೆ ಜಿನುಗುತ್ತದೆ. ಸುಮಾರು 13 ಡಿಗ್ರಿಗೆ ಎಣ್ಣೆ ಹೆಪ್ಪುಗಟ್ಟುತ್ತದೆ. ಚಳಿ ದೇಶದ ಗಣಿಗಳಲ್ಲಿ ಕಡ್ಡಿಗಳನ್ನು ಒಲೆಯ ಪಕ್ಕ ಇಟ್ಟು ಕಾಯಿಸಲು ಹೋಗಿ ಸತ್ತವರು ಅನೇಕರು. 1875ರಲ್ಲಿ ನೊಬೆಲ್ ನೀರಿನ ತೊಂದರೆಗೆ ಮದ್ದು ಕಂಡರು. ಬೆರಳು ಕೊಯ್ದುಕೊಂಡಾಗ ಹಚ್ಚಿದ ಕಲೋಡಿಯನ್ ಎಂಬ ಅಂಟು ಔಷಧಿಯಿಂದ ಆ ರಾತ್ರಿ ಹೊಳೆಯಿತು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಕಲೋಡಿಯನ್ ಎಂದರೆ ಸಿಡಿಹತ್ತಿಯ ಸೌಮ್ಯ ತಮ್ಮ. ಅದನ್ನು ಎಣ್ಣೆಗೆ ಬೆರೆಸಿದರೆ ಎರಡೂ ಸೇರಿ ಹಲಸಿನ ಅಂಟಿನಂಥ ಗಟ್ಟಿ ಲೋಳೆಯಾಗುತ್ತದೆ, ನೀರಿಗೂ ಹೆದರುವುದಿಲ್ಲ. ಜಿಲೆಟಿನ್ ಎಂಬ ಹೆಸರು ಬಂದದ್ದು ಹೀಗೆ.

ಆಲ್ಪ್ಸ್ ಪರ್ವತದ ಕೆಳಗೆ 15 ಕಿಲೋಮೀಟರ್ ಉದ್ದದ ಸೇಂಟ್ ಗೊಥಾರ್ಡ್ ರೈಲು ಸುರಂಗವನ್ನು 1872ರಿಂದ 1882ರವರೆಗೆ ಕೊರೆದದ್ದು ನೊಬೆಲ್ ಅವರ ಮದ್ದಿನಿಂದ. ಆ ಸುರಂಗದಲ್ಲಿ ಸುಮಾರು 200 ಕೂಲಿಗಳು ಸತ್ತರು ಎಂಬುದನ್ನೂ ಸೇರಿಸಿ ಹೇಳಬೇಕು. ನಮ್ಮ ಕೋಲಾರದ ಚಿನ್ನದ ಗಣಿಗೂ ಈ ಮದ್ದು ಬಂತು. 1880ರ ದಶಕದಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು ಬರೀ ಹಾರೆ ಗುದ್ದಲಿಯಿಂದಲ್ಲ.

ಕ್ವಾರಿ ಕೆಲಸದವರಿಗಾಗಿ ಒಂದು ಮಾತು. ಇಂದು ಜಿಲೆಟಿನ್ ಕಡ್ಡಿ ಎಂದು ಕರೆಯುವುದರಲ್ಲಿ ನೈಟ್ರೊಗ್ಲಿಸರಿನ್ ಇರುವುದಿಲ್ಲ. ಭಾರತದಲ್ಲಿ ಅಂಥ ಸ್ಫೋಟಕಗಳನ್ನು 2004ರಿಂದ ನಿಲ್ಲಿಸಿದ್ದಾರೆ. ಈಗಿನದು ಹೆಚ್ಚಾಗಿ ಅಮೋನಿಯಂ ನೈಟ್ರೇಟ್‌ನ ಮದ್ದು, ಪೆಟ್ಟಿಗೆ ಅಷ್ಟು ಬೇಗ ಸಿಡಿಯುವುದಲ್ಲ. ಹೆಸರು ಮಾತ್ರ ನೊಬೆಲ್ ಕಾಲದ್ದು. ಆದರೆ ಕೇಪು ಇಂದಿಗೂ ಅದೇ ಸ್ವಭಾವದ್ದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕ್ವಾರಿಯ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ಸುತ್ತಲ ಜಿಲ್ಲೆಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದಿದ್ದರು. ಸತ್ತವರು ಕೂಲಿಗೆ ಬಂದವರು.

ಮತ್ತೆ ನೊಬೆಲ್ ಅವರ ಕಥೆಗೆ. 1873ರಲ್ಲಿ ಪ್ಯಾರಿಸ್ಸಿನಲ್ಲಿ ಮನೆ ಮಾಡಿದರು. ಅನೇಕ ದೇಶಗಳಲ್ಲಿ ಕಾರ್ಖಾನೆ, ಸಾಯುವ ಹೊತ್ತಿಗೆ 355 ಪೇಟೆಂಟ್. ಮದುವೆಯಾಗಲಿಲ್ಲ. ಸದಾ ರೈಲಿನಲ್ಲಿ ಓಡಾಟ. ಎಣ್ಣೆಯ ಆವಿಯಿಂದ ಬರುವ ತಲೆನೋವು ಜೊತೆಗೇ ಇರುತ್ತಿತ್ತು. 1876ರಲ್ಲಿ ಕೆಲವೇ ದಿನ ಅವರ ಕಾರ್ಯದರ್ಶಿಯಾಗಿದ್ದ ಬೆರ್ಟಾ ಎಂಬ ಆಸ್ಟ್ರಿಯಾದ ಹೆಣ್ಣುಮಗಳು ಮುಂದೆ ಯುದ್ಧದ ವಿರುದ್ಧ ದೊಡ್ಡ ಹೋರಾಟಗಾರ್ತಿಯಾದರು. ಇಬ್ಬರಿಗೂ ಕೊನೆಯವರೆಗೆ ಪತ್ರವ್ಯವಹಾರವಿತ್ತು. ಅದೇ ನೊಬೆಲ್ 1887ರಲ್ಲಿ ಬ್ಯಾಲಿಸ್ಟೈಟ್ ಎಂಬ ಹೊಗೆಯಿಲ್ಲದ ತೋಪಿನ ಮದ್ದನ್ನೂ ಮಾಡಿದರು, ಅದು ಮುಖ್ಯವಾಗಿ ಯುದ್ಧಕ್ಕೆ. ಡೈನಮೈಟ್ ಸುರಂಗಕ್ಕೆ ಎಂದು ಸಮಾಧಾನ ಹೇಳಬಹುದು, ಇದಕ್ಕೆ ಹಾಗೆ ಹೇಳಲಾಗದು. ಅದನ್ನು ಇಟಲಿಗೆ ಮಾರಿದ್ದಕ್ಕೆ ಫ್ರಾನ್ಸ್ ಸಿಟ್ಟಾಯಿತು. 1891ರಲ್ಲಿ ಅವರು ಪ್ಯಾರಿಸ್ ಬಿಟ್ಟು ಇಟಲಿಯ ಸ್ಯಾನ್ ರೆಮೊಗೆ ಹೋದರು.

1888ರಲ್ಲಿ ಅಣ್ಣ ಲುಡ್ವಿಗ್ ತೀರಿಕೊಂಡಾಗ ಫ್ರೆಂಚ್ ಪತ್ರಿಕೆಯೊಂದು ಆಲ್ಫ್ರೆಡ್ ಸತ್ತರೆಂದು ತಪ್ಪಾಗಿ ಬರೆಯಿತು, ಅದನ್ನು ಓದಿ ಮನಸ್ಸು ತಿರುಗಿ ಬಹುಮಾನ ಇಟ್ಟರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಬಹುಮಾನಕ್ಕೆ ಅದೇ ಕಾರಣ ಎಂಬುದು ಊಹೆ. ಉಯಿಲು ಬರೆದದ್ದು ಏಳು ವರ್ಷದ ನಂತರ, 1895ರ ನವೆಂಬರ್ 27ರಂದು. ವಕೀಲರನ್ನು ಕೇಳದೆ ತಾವೇ ಬರೆದ ಕೆಲವೇ ಪುಟ. ಆಸ್ತಿಯ ಬಹುಪಾಲು, 3 ಕೋಟಿ 10 ಲಕ್ಷ ಕ್ರೋನರ್‌ಗೂ ಹೆಚ್ಚು, ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಸಾಹಿತ್ಯ ಮತ್ತು ಶಾಂತಿಯ ಬಹುಮಾನಗಳಿಗೆ. ಸಂಬಂಧಿಕರು ತಕರಾರು ಮಾಡಿದರು, ಸ್ವೀಡನ್ನಿನ ರಾಜರಿಗೂ ಹಿಡಿಸಲಿಲ್ಲ. ಉಯಿಲನ್ನು ನಡೆಸುವ ಹೊಣೆ ಬಿದ್ದದ್ದು ರಾಗ್ನಾರ್ ಸೊಲ್‌ಮನ್ ಎಂಬ 26 ವರ್ಷದ ಎಂಜಿನಿಯರ್ ಮೇಲೆ. ಅವರು ಪ್ಯಾರಿಸ್ಸಿನ ಬ್ಯಾಂಕುಗಳಿಂದ ಷೇರು ಪತ್ರಗಳನ್ನು ಕುದುರೆ ಗಾಡಿಯಲ್ಲಿ ಹೇರಿಕೊಂಡು, ಕೈಯಲ್ಲಿ ಪಿಸ್ತೂಲು ಹಿಡಿದು ಸಾಗಿಸಿದರು. ಸಿನಿಮಾದಂತಿದೆ, ಆದರೆ ನಡೆದದ್ದು. ಮೊದಲ ಬಹುಮಾನಗಳು 1901ರಲ್ಲಿ ಬಂದವು. ಬೆರ್ಟಾ ಅವರಿಗೆ 1905ರಲ್ಲಿ ಶಾಂತಿ ಬಹುಮಾನ.

ಈಗ ಆ ತಲೆನೋವಿಗೆ ಬರೋಣ. ಕೊನೆಯ ವರ್ಷಗಳಲ್ಲಿ ನೊಬೆಲ್ ಅವರಿಗೆ ಎದೆನೋವು ಕಾಡುತ್ತಿತ್ತು. ವೈದ್ಯರು ಬರೆದುಕೊಟ್ಟ ಔಷಧಿ ನೈಟ್ರೊಗ್ಲಿಸರಿನ್. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಇದು ಹೃದಯದ ನೋವಿಗೆ ಆಗುತ್ತದೆಂದು ಪ್ರಕಟಿಸಿದ್ದರು. ರೋಗಿಗಳೂ ಔಷಧಿ ಅಂಗಡಿಯವರೂ ಹೆದರದಿರಲೆಂದು ಅದಕ್ಕೆ ಟ್ರೈನಿಟ್ರಿನ್ ಎಂಬ ಬೇರೆ ಹೆಸರು. ವಿಧಿಯ ಈ ಅಣಕವನ್ನು ನೊಬೆಲ್ 1896ರ ಅಕ್ಟೋಬರ್‌ನಲ್ಲಿ ಸೊಲ್‌ಮನ್ ಅವರಿಗೆ ಬರೆದ ಪತ್ರದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಆರೇಳು ವಾರದಲ್ಲಿ, ಡಿಸೆಂಬರ್ 10ರಂದು, ಮೆದುಳಿನಲ್ಲಿ ರಕ್ತಸ್ರಾವವಾಗಿ ಸ್ಯಾನ್ ರೆಮೊದಲ್ಲಿ ತೀರಿಕೊಂಡರು. ಆಗ 63 ವರ್ಷ.

ಅದು ಹೇಗೆ ಕೆಲಸ ಮಾಡುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕಾರ್ಖಾನೆಯ ಕೂಲಿಗಳ ಅನುಭವದಲ್ಲಿ ಒಂದು ಸುಳಿವಿತ್ತು. ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವರಿಗೆ ಭಾರಿ ತಲೆನೋವು, ವಾರ ಕಳೆದಂತೆ ಕಡಿಮೆ, ಮುಂದಿನ ಸೋಮವಾರ ಮತ್ತೆ ಅದೇ. ಹೃದಯದ ತೊಂದರೆ ಇದ್ದ ಕೆಲವರಿಗೆ ಕೆಲಸದ ದಿನ ಎದೆನೋವು ಇಲ್ಲ, ರಜೆಯ ದಿನ ಬರುತ್ತದೆ. ಆ ಎಣ್ಣೆ ರಕ್ತನಾಳಗಳನ್ನು ಅಗಲ ಮಾಡುತ್ತಿತ್ತು. ತಲೆಯಲ್ಲಿ ಅಗಲವಾದರೆ ನೋವು, ಎದೆಯಲ್ಲಾದರೆ ಆರಾಮ. 1977ರಲ್ಲಿ ಅಮೆರಿಕದ ಫೆರಿಡ್ ಮುರಾದ್ ಕಾರಣ ತೋರಿಸಿದರು. ಬಂಡೆಯ ಕುಳಿಯಲ್ಲಿ ಲಕ್ಷ ಕೋಟಿ ಅಣುಗಳು ಒಟ್ಟಿಗೆ ಒಡೆಯುತ್ತವೆ, ದೇಹದಲ್ಲಿ ಒಂದೊಂದೇ. ಜೀವಕೋಶದ ಕಿಣ್ವ ಅದೇ ಸಡಿಲ ಮೂಲೆಯಿಂದ ಸಾರಜನಕದ ತುಣುಕನ್ನು ಬಿಡಿಸುತ್ತದೆ, ಕೊನೆಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸಿಗುತ್ತದೆ. ಅದು ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ನಮ್ಮ ದೇಹವೂ ಇದೇ ಅನಿಲವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಈ ಕೆಲಸಕ್ಕೆ ಮುರಾದ್, ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮೂವರಿಗೂ 1998ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ಬಹುಮಾನ ಕೊಡುವುದು ಪ್ರತಿ ವರ್ಷ ಡಿಸೆಂಬರ್ 10ರಂದು, ನೊಬೆಲ್ ತೀರಿಕೊಂಡ ದಿನ.

ನಮ್ಮೂರ ಔಷಧಿ ಅಂಗಡಿಯಲ್ಲಿ ಸಿಗುವ ಸಾರ್ಬಿಟ್ರೇಟ್ ಮಾತ್ರೆಯಲ್ಲಿರುವುದು ನೈಟ್ರೊಗ್ಲಿಸರಿನ್ ಅಲ್ಲ, ಅದರ ದಾಯಾದಿ ಐಸೋಸಾರ್ಬೈಡ್ ಡೈನೈಟ್ರೇಟ್. ಕೆಲಸ ಮಾಡುವ ರೀತಿ ಅದೇ. ಅದು ಸಿಡಿಯುತ್ತದೆಂದು ಯಾರೂ ಹೆದರಬೇಕಿಲ್ಲ, ಮಾತ್ರೆಯ ಬಹುಪಾಲು ಬೇರೆ ಪುಡಿ, ಮದ್ದು ಮಿಲಿಗ್ರಾಂ ಲೆಕ್ಕದಲ್ಲಿ ಮಾತ್ರ. ಆದರೆ ಬಿಸಿಲಿಗೆ ಇಡಬಾರದು, ಅವಧಿ ಮೀರಿದ್ದನ್ನು ಜೇಬಿನಲ್ಲಿ ಇಟ್ಟುಕೊಳ್ಳಬಾರದು. ಮೊದಲ ಸಲ ಇಟ್ಟುಕೊಂಡಾಗ ತಲೆನೋವು ಬರಬಹುದು, ಎದ್ದರೆ ತಲೆ ಸುತ್ತಬಹುದು, ಆದ್ದರಿಂದ ಕೂತೇ ತೆಗೆದುಕೊಳ್ಳಬೇಕು. ಟ್ಯೂರಿನ್‌ನಲ್ಲಿ ಸೊಬ್ರೆರೊ ಅವರಿಗೆ ಬಂದದ್ದು ಅದೇ ತಲೆನೋವು.